ಪಟ್ಟಾ ಒಂದ ಹಾಕಸ್ರಿ ಸಾಕು ಅನ್ನೋ ನಮ್ಮ ಉಳಿತಾಯ

"ಅದೆಲ್ಲಾ ಬ್ಯಾಡ, ಪಟ್ಟಾ ಒಂದ ಹಾಕಸ್ಕೊಂಡು ಬರ್ರಿ."

ಈ ಮಾತು ಅಂದಾಕಿ ನಾನ, ಬ್ಯಾರೆ ಯಾರೂ ಅಲ್ಲ. ಒಲಿ ಮುಂದ ನಿಂತು, ಫೋನು ಕಿವಿಗೂ ಭುಜಕ್ಕೂ ನಡುವ ಸಿಗಿಸಿಕೊಂಡು, ಎಣಗಾಯಿ ತಿರುವ್ಯಾಡಕೋತ ಅಂದಿದ್ದೆ. ಗ್ಯಾರೇಜಿನಿಂದ ನಮ್ಮನಿಯವರು ಫೋನ್ ಮಾಡಿದ್ದರು. "ಗಾಡಿ ಪಟ್ಟಾ ಸವದದ ಅಂತ. ಅದರ ಜೋಡಿ ಟೆನ್ಷನರ್, ಪುಲಿ ಎರಡೂ ಬದಲಿ ಮಾಡೋದು ಛಲೋ ಅಂತಾನ ಮಿಸ್ತ್ರಿ. ಏನ ಮಾಡ್ಲಿ?" ಅಂತ ಕೇಳಿದರು. ನಾ ಆ ತಿಂಗಳ ಲೆಕ್ಕಾ ಮನಸಿನ್ಯಾಗ ಹಾಕಿ ಬ್ಯಾಡ ಅಂದೆ. 4 ಸಾವಿರ ರೂಪಾಯಿ ಉಳಿಸಿದೆ ಅಂತ ಇಡೀ ದಿವಸ ನನಗ ನಾನ ಶಾಬಾಸ್ ಕೊಟಗೊಂಡೆ.

ನಾಲ್ಕು ತಿಂಗಳಾದ ಮ್ಯಾಲೆ ಅದ ಗ್ಯಾರೇಜಿನ್ಯಾಗ 31 ಸಾವಿರ ಎಣಿಸಿ ಕೊಟ್ವಿ. ಅದಕ್ಕಿಂತ ಮದಲ, 82 ವರ್ಷದ ನಮ್ಮತ್ತಿ ಕತ್ತಲಾಗ, ಕಾಡಿನ ರಸ್ತಾದ ಬದಿಗೆ ಕಲ್ಲಿನ ಮ್ಯಾಲೆ ಎರಡು ತಾಸು ಕೂತಿದ್ದರು.

ಅದಕ್ಕ ವೈನಿ, ಅಕ್ಕಾ, ಮಾವಶಿ, ಇವತ್ತ ನಾ ಜಗಳಾ ತಗದದ್ದು ಗ್ಯಾರೇಜಿನವರ ಜೋಡಿ ಅಲ್ಲ, ಗಂಡಸರ ಜೋಡಿನೂ ಅಲ್ಲ. ನಮ್ಮ ಜೋಡಿನ. ಏನ ಏನು ಅಂತ ನೋಡದ, ಕೇಳದ "ಬ್ಯಾಡ" ಅನ್ನೋ ನಮ್ಮ ಉಳಿತಾಯದ ಜೋಡಿ. ಮನಿ ರೊಕ್ಕದ ಕೀಲಿ ನಮ್ಮ ಕೈಯಾಗ ಅದ. ಬ್ಯಾಡ ಅನ್ನೋ ಅಧಿಕಾರ ನಮಗದ. ಹಂಗಿದ್ದ ಮ್ಯಾಲೆ ಯಾವುದಕ್ಕ ಬ್ಯಾಡ ಅಂತೀವಿ ಅಂತ ತಿಳಕೊಳ್ಳೋ ಜವಾಬ್ದಾರಿನೂ ನಮ್ಮದ. "ಗಾಡಿ ವಿಷಯ ನಮಗ ಹೆಂಗ ತಿಳೀಬೇಕು" ಅನ್ನೋದು, ಮತ್ತ ಅದರ ಖರ್ಚಿಗೆ ಅಡ್ಡ ಬರೋದು, ಎರಡೂ ಒಬ್ಬಾಕಿನ ಮಾಡಬಾರದು.

ಮದಲ ಈ ಪಟ್ಟಾ ಅಂದ್ರ ಏನು ನೋಡ್ರಿ. ಬಾನೆಟ್ ತಗದ್ರ ಎಂಜಿನ್ನಿನ ಒಂದು ಬಾಜೂಕ ಕರೀ ರಬ್ಬರ್ ಪಟ್ಟಾ, ನಾಲ್ಕೈದು ಗಾಲಿಗೆ ಹಾವು ಸುತ್ತಿಧಂಗ ಮ್ಯಾಲ ಕೆಳಗ ಸುತಗೊಂಡು ಹೋಗಿರ್ತದ. ಅದಕ್ಕ ಇಂಗ್ಲಿಷಿನ್ಯಾಗ ಸರ್ಪೆಂಟೈನ್ ಬೆಲ್ಟ್ ಅಂತಾರ. ನಮ್ಮ ಕಡೆ ಗ್ಯಾರೇಜಿನ್ಯಾಗ ಇನ್ನೂ ಫ್ಯಾನ್ ಬೆಲ್ಟ್ ಅಂತನ ಅಂತಾರ, ಯಾಕಂದ್ರ ಅಂಬಾಸಡರ್, ಪದ್ಮಿನಿ ಕಾಲದಾಗ ಅದು ರೇಡಿಯೇಟರ್ ಫ್ಯಾನ್ ತಿರಗಸ್ತಿತ್ತು. ಈಗ ಭಾಳ ಕಾರಿನ್ಯಾಗ ಫ್ಯಾನಿಗೆ ಕರೆಂಟ್ ಮೋಟಾರ್ ಬಂದದ, ಆದ್ರ ಹೆಸರು ಹಂಗ ಉಳದದ.

ಎಂಜಿನ್ ಒಂದು ಗಾಲಿ ತಿರಗಸ್ತದ, ಆ ಗಾಲಿ ಪಟ್ಟಾ ಎಳೀತದ, ಪಟ್ಟಾ ಉಳದದ್ದೆಲ್ಲಾ ತಿರಗಸ್ತದ. ಬ್ಯಾಟರಿಗೆ ಕರೆಂಟ್ ತುಂಬೋ ಆಲ್ಟರ್ನೇಟರ್, ಎ.ಸಿ. ಕಂಪ್ರೆಸರ್, ಎಷ್ಟೋ ಗಾಡ್ಯಾಗ ಎಂಜಿನ್ ತಣ್ಣಗಿಡೋ ವಾಟರ್ ಪಂಪ್, ಹಳೇ ನಮೂನಿ ಪವರ್ ಸ್ಟಿಯರಿಂಗ್ ಇದ್ರ ಅದರ ಪಂಪ್, ಇಷ್ಟೂ ಅದರ ಮ್ಯಾಲೆ. ಕೆಲವು ಡೀಸೆಲ್ ಗಾಡ್ಯಾಗ ಬ್ರೇಕಿಗೆ ಬೇಕಾದ ವ್ಯಾಕ್ಯೂಮ್ ಪಂಪೂ ಆಲ್ಟರ್ನೇಟರ್ ಬೆನ್ನಿಗೇ ಕೂತಿರ್ತದ. ಹಿಂದಕ್ಕ ಒಂದೊಂದಕ್ಕ ಒಂದೊಂದು ಸಣ್ಣ ಪಟ್ಟಾ ಇರ್ತಿತ್ತು. ಅಮೆರಿಕಾದಾಗ 1979ರ ಫೋರ್ಡ್ ಮಸ್ಟಾಂಗ್ ಗಾಡಿಯಿಂದ ಈ ಒಂದ ಉದ್ದ ಪಟ್ಟಾದ ಪದ್ಧತಿ ಬಂತಂತ. ಜಾಗಾ ಕಡಿಮಿ, ಬಿಚ್ಚೋದು ಸಸಾರ. ಆದ್ರ ಒಂದು ಮಾತು ಮರೀಬ್ಯಾಡ್ರಿ. ಆಗ ಒಂದು ಹರದ್ರ ಒಂದ ಕೆಲಸ ನಿಲ್ತಿತ್ತು. ಈಗ ಒಂದು ಹರದ್ರ ಎಲ್ಲಾ ಕೂಡೇ ನಿಲ್ತಾವ.

ನಮ್ಮದು 11 ವರ್ಷದ ಡೀಸೆಲ್ ಗಾಡಿ. 1 ಲಕ್ಷದ 10 ಸಾವಿರ ಕಿಲೋಮೀಟರ್ ಓಡೇದ. ಮಳಿಗಾಲದಾಗ ಮುಂಜಾನೆ ಚಾಲೂ ಮಾಡಿದ ಕೂಡಲೇ ಕಿಂಯ್ ಅಂತ ಚೀರ್ತಿತ್ತು, ಐದು ನಿಮಿಷಕ್ಕ ಸುಮ್ಮನಾಗ್ತಿತ್ತು. ಆಗ ಹಾಕಸಿದ್ದ ಈ ಹೊಸಾ ಪಟ್ಟಾ. ಚೀರೋದು ನಿಂತಿತು. ನಾ ಗೆದ್ದೆ ಅಂದ್ಕೊಂಡೆ. ಎರಡು ತಿಂಗಳಾದ ಮ್ಯಾಲೆ ಬ್ಯಾರೆ ಸಪ್ಪಳ ಶುರು ಆತು. ಚೀರೋದಲ್ಲ, ಖರ್ ಖರ್ ಅಂತ, ಎಣ್ಣಿ ಇಲ್ಲದ ಬಾವಿ ರಾಟಿ ತಿರುಗಿಧಂಗ. "ಪಟ್ಟಾ ಹೊಸಾದ ಅದಲ್ಲ, ಇನ್ನ ಏನ ಆಗ್ತದ" ಅಂದವಳೂ ನಾನ. ಯಾರೋ ಹೇಳಿದರು ಅಂತ ನಮ್ಮನಿಯವರು ಪಟ್ಟಾಕ್ಕ ಸಾಬಾನಿನ ತುಂಡು ತಿಕ್ಕಿದರು.

ಅತ್ತಿಗೆ ಗೋಕರ್ಣ ನೋಡೋದು ಆಸೆ ಇತ್ತು. ಹೋದ್ವಿ, ದರ್ಶನ ಆತು, ತಿರುಗಿ ಬರೋವಾಗ ಅರಬೈಲ್ ಘಾಟ್ ಏರಿ ಯಲ್ಲಾಪುರ ದಾಟಿದ್ವಿ. ಕಿರವತ್ತಿ ಇನ್ನೂ ಮುಂದ ಇತ್ತು, ಹೊತ್ತು ಮುಣಗಿತ್ತು. ಫಟ್ ಅಂತ ಸಪ್ಪಳಾತು. ಮುಂದ ಬ್ಯಾಟರಿ ಗುರ್ತಿನ ಕೆಂಪು ದೀಪ ಹತ್ತಿತು. ಸ್ಟಿಯರಿಂಗ್ ಕಲ್ಲಿನ್ಹಂಗ ಬಿರುಸಾತು. "ಬ್ಯಾಟರಿ ಹೋದ ವರ್ಷ ಹಾಕಸೀನಿ, ಏನೂ ಆಗೂದಿಲ್ಲ, ಕಿರವತ್ತಿ ತನಕಾ ಹೋಗೂಣು" ಅಂದರು. ನಾನೂ ಹೂಂ ಅಂದೆ. ಕಾಡಿನ್ಯಾಗ ನಿಲ್ಲಲಿಕ್ಕೆ ಯಾರಿಗೆ ಧೈರ್ಯ ಬರ್ತದ? ಮೂರು ಕಿಲೋಮೀಟರಿಗೆ ಬಾನೆಟ್ಟಿನಿಂದ ಹೊಗಿ ಎದ್ದು ಗಾಡಿ ತಾನ ನಿಂತಿತು. ಅತ್ತಿಗೆ ಸಕ್ಕರಿ ಕಾಯಿಲೆ, ಊಟದ ಹೊತ್ತು ಮೀರಿತ್ತು. ಡಬ್ಬಿಯೊಳಗ ಉಳದ ಹಚ್ಚಿದ ಅವಲಕ್ಕಿ ತಿನಿಸಿದೆ. ಒಂದು ಮಾತು ಅನಲಿಲ್ಲ ಅವರು. ಬೈದಿದ್ರ ಸಮಾಧಾನ ಆಗ್ತಿತ್ತೇನೋ.

ಮರುದಿವಸ ಗ್ಯಾರೇಜಿನ್ಯಾಗ ಆ ಮಿಸ್ತ್ರಿ, "ನಾ ಆವಾಗ ಹೇಳಿದ್ದೆ" ಅಂತ ಅನಲಿಲ್ಲ. ಒಂದು ಸಣ್ಣ ಗಾಲಿ ತಂದು ನನ್ನ ಕೈಯಾಗ ಇಟ್ಟಾ. "ತಿರುವಿ ನೋಡ್ರಿ ಅಕ್ಕಾರ" ಅಂದಾ. ತಿರುಗಲೇ ಇಲ್ಲ. ಅದಕ್ಕ ಐಡ್ಲರ್ ಪುಲಿ ಅಂತಾರ. ಅದರ ಒಳಗಿನ ಬೇರಿಂಗ್ ಬತ್ತಿ ಜಾಮ್ ಆಗಿತ್ತು. ತಿರುಗದ ಗಾಲಿ ಮ್ಯಾಲೆ ನನ್ನ ಹೊಸಾ ಪಟ್ಟಾ ಉಜ್ಜಿ ಉಜ್ಜಿ, ಸುಟ್ಟು, ಹರದು ಹೋಗಿತ್ತು. ಪಟ್ಟಾ ಹರದ ಕೂಡಲೇ ವಾಟರ್ ಪಂಪ್ ನಿಂತಿತು. ಪಂಪ್ ನಿಂತ ಮ್ಯಾಲೆ ಮೂರು ಕಿಲೋಮೀಟರ್ ಓಡಿಸಿದ್ದಕ್ಕ ಎಂಜಿನ್ ಕಾದು ಹೆಡ್ ಗ್ಯಾಸ್ಕೆಟ್ ಹೋತು. ಆ ಗಾಲಿ ಬೆಲಿ ಒಂದು ಸಾವಿರ ರೂಪಾಯಿ. ನಾ ಬ್ಯಾಡ ಅಂದ 4 ಸಾವಿರದಾಗ ಅದೂ ಇತ್ತು.

ಈಗ ನನ್ನ ಮಾತಿಗೆ ಬರ್ತೀನಿ. ಪಟ್ಟಾ ತಾನಾಗಿ ಹಾಳಾಗೋದು ವಯಸ್ಸಾದಾಗ ಅಷ್ಟ. ಹೊತ್ತಿಗೆ ಮದಲ ಹಾಳಾತು ಅಂದ್ರ ಹಾಳು ಮಾಡಿದ್ದು ಯಾವುದೋ ಬ್ಯಾರೆ ಇರ್ತದ. ಅದನ್ನ ಬಿಟ್ಟು ಪಟ್ಟಾ ಬದಲಿಸೋದು ಅಂದ್ರ, ಹೆಂಚು ಒಡದು ಸೋರೋ ಕಡೆ ನೋಡದ, ಕೆಳಗಿನ ಹಾಸಿಗಿ ಬದಲಿಸಿಧಂಗ.

ಇದು ನಮಗ ತಿಳೀದ ಸಂಗತಿ ಅಲ್ಲ. ಹೊಲಿಗಿ ಮಶೀನ್ ಇದ್ದವರಿಗೆ ಗೊತ್ತದ, ಚರ್ಮದ ಪಟ್ಟಾ ಸಡಲಾತು ಅಂದ್ರ ಗಾಲಿ ತಿರಗ್ತದ, ಸೂಜಿ ಏಳೂದಿಲ್ಲ. ಆಗ ಪಟ್ಟಾ ಒಂದು ಚೂರು ಕತ್ತರಿಸಿ, ತಂತಿ ಕೊಂಡಿ ಹಾಕಿ ಬಿಗಿ ಮಾಡ್ತೀವಿ. ಕಾರಿನ್ಯಾಗ ಆ ಬಿಗಿ ಹಿಡಿಯೋ ಕೆಲಸ ಟೆನ್ಷನರಿಂದು. ಒಂದು ತೋಳು, ಒಳಗ ಬಿರುಸು ಸ್ಪ್ರಿಂಗು, ತುದಿಗೊಂದು ಗಾಲಿ. ಪಟ್ಟಾ ಎಷ್ಟು ಸವದ್ರೂ ತಾನಾಗಿ ಒತ್ತಿ ಬಿಗಿ ಇಡ್ತದ. ಅದರ ಸ್ಪ್ರಿಂಗು ಸೋತಿದ್ರ ಹೊಸಾ ಪಟ್ಟಾನೂ ಜಾರ್ತದ, ಜಾರಿ ಕಾಯ್ತದ, ಕಾದು ಗಾಜಿನ್ಹಂಗ ನುಣ್ಣಗಾಗಿ ಮತ್ತ ಚೀರ್ತದ. ಕೆಲವು ಸಣ್ಣ ಗಾಡಿಗೆ ಇಂಥಾ ಟೆನ್ಷನರ್ ಇರೂದಿಲ್ಲ, ಬೋಲ್ಟು ತಿರುವಿ ಬಿಗಿ ಮಾಡ್ತಾರ. ಅಲ್ಲೆ ಬ್ಯಾರೆ ತಪ್ಪು ಆಗ್ತದ. ಸಡಲ ಬಿಟ್ರ ಜಾರ್ತದ, ಅತಿ ಬಿಗಿದ್ರ ಆಲ್ಟರ್ನೇಟರಿನ, ಪಂಪಿನ ಬೇರಿಂಗ್ ಸಾಯ್ತಾವ.

ನಾ ಹಿಂಗ ಹೇಳಿದ ಕೂಡಲೇ ನಮ್ಮವರ ಪೈಕಿ ನಾಲ್ಕು ಮಾತು ಬಂದ ಬರ್ತಾವ. ಒಂದೊಂದಕ್ಕ ಉತ್ತರ ಕೊಡ್ತೀನಿ.

"ನಾ ನೋಡೀನಿ, ಒಂದೂ ಸೀಳು ಬಿಟ್ಟಿಲ್ಲ, ಪಟ್ಟಾ ಛಲೋ ಅದ" ಅಂತಾರ. ಇದು ಹಳೇ ರಬ್ಬರಿನ ಮಾತು. ಮದಲಿನ ಪಟ್ಟಾ ನಿಯೋಪ್ರೀನ್ ರಬ್ಬರಿಂದು, ವಯಸ್ಸಾದ್ರ ಒಣಗಿ ಸೀಳು ಬಿಡ್ತಿತ್ತು, ಕಣ್ಣಿಗೆ ಕಾಣ್ತಿತ್ತು. ಈಗಿನವು ಇ.ಪಿ.ಡಿ.ಎಮ್. ಅನ್ನೋ ಜಾತಿ ರಬ್ಬರಿಂದು. ಅವು ಜಲ್ದಿ ಸೀಳೂದಿಲ್ಲ, ಟಾಯರಿನ್ಹಂಗ ಸವೀತಾವ. ಒಳಮೈಗೆ ಉದ್ದಕ್ಕ ಉಬ್ಬು ಗೆರಿ ಇರ್ತಾವಲ್ಲ, ಅವು ಸಣ್ಣಾಗಿ, ನಡುವಿನ ಸಂದು ಅಗಲ ಆಗ್ತದ. ಬೀಸೋಕಲ್ಲು ಸವದು ನುಣ್ಣಗಾದ್ರ ಕಾಳು ಹಿಡಿಯೂದಿಲ್ಲ ನೋಡ್ರಿ, ಹಂಗ ಇದೂ ಗಾಲಿ ಹಿಡಿಯೂದಿಲ್ಲ, ನೀರು ಸಿಡದ್ರಂತೂ ಮುಗದ ಹೋತು. ನೋಡ್ಲಿಕ್ಕೆ ಛಲೋನ ಇರ್ತದ. ಅದನ್ನ ಅಳಿಯಲಿಕ್ಕೆ ಒಂದು ಸಣ್ಣ ಪ್ಲಾಸ್ಟಿಕ್ ಅಳತಿ ಪಟ್ಟಿ ಸಿಗ್ತದ, ಛಲೋ ಮಿಸ್ತ್ರಿ ಹತ್ತಿರ ಇರ್ತದ. ಇಲ್ಲಾಂದ್ರ ಹೊಸಾ ಪಟ್ಟಾ ಬಾಜೂಕ ಹಿಡದು ನೋಡ್ರಿ, ವ್ಯತ್ಯಾಸ ತಾನ ತಿಳೀತದ.

"ಸಾಬಾನು ತಿಕ್ರಿ, ಪೌಡರ್ ಹಾಕ್ರಿ, ಸ್ಪ್ರೇ ಹೊಡೀರಿ, ಸಪ್ಪಳ ನಿಲ್ತದ" ಅಂತಾರ. ನಿಲ್ತದ, ಖರೆ. ಅಳೋ ಕೂಸಿನ ಬಾಯಿ ಮುಚ್ಚಿದ್ರೂ ಅಳು ನಿಲ್ತದ. ಪಟ್ಟಾ ಚೀರೋದು ತನ್ನ ಸಲುವಾಗಿ ಅಲ್ಲ, ಬಿಗಿ ಇಲ್ಲ, ಗಾಲಿ ಸೊಟ್ಟ ಆಗೇದ, ಎಣ್ಣಿ ಬಿದ್ದದ, ಬೇರಿಂಗ್ ಹೊಂಟದ, ಯಾವುದೋ ಒಂದು ಹೇಳ್ತಿರ್ತದ. ಅಂಟಿನ ಸ್ಪ್ರೇ ಹೊಡದ್ರ ಧೂಳು ಹಿಡದು ಇನ್ನಷ್ಟು ಸವೀತದ. ಎಂಜಿನ್ ಎಣ್ಣಿ, ಕೂಲಂಟ್ ನೀರು ಸೋರಿ ಪಟ್ಟಾದ ಮ್ಯಾಲೆ ಬೀಳ್ತಿದ್ರ ಮದಲ ಆ ಸೋರೋದು ನಿಲ್ಲಸಬೇಕು. ಇಲ್ಲಾಂದ್ರ ಹೊಸಾ ಪಟ್ಟಾನೂ ಉಬ್ಬಿ ಮೆತ್ತಗಾಗಿ ಅದ ದಾರಿ ಹಿಡೀತದ.

"ಹಂಗಾರ ಗ್ಯಾರೇಜಿನವರು ಹೇಳಿದ್ದೆಲ್ಲಾ ಹಾಕಸಬೇಕೇನು? ಸುಲಿಯೂದಿಲ್ಲೇನು?" ಅಂತ ನಮ್ಮ ನಾದಿನಿನ ಕೇಳ್ಯಾಳ. ಖರೆ ಅದ, ಸುಲಿಯೋವರೂ ಇದ್ದಾರ. ಆದ್ರ ಸುಲಿಗಿಗೆ ಔಷಧ "ಬ್ಯಾಡ" ಅನ್ನೋದಲ್ಲ, "ತೋರಸ್ರಿ" ಅನ್ನೋದು. ಪಟ್ಟಾ ಬಿಚ್ಚಿದ ಮ್ಯಾಲೆ ಒಂದೊಂದು ಗಾಲಿನೂ ಕೈಲೆ ತಿರುವಿ ತೋರಸಲಿ. ಸಪ್ಪಳ ಇಲ್ಲದ, ನುಣ್ಣಗ ತಿರಗ್ತದ, ಅಲುಗಾಡೂದಿಲ್ಲ ಅಂದ್ರ ಆ ಗಾಲಿ ಛಲೋ ಅದ, ಇರಲಿ ಬಿಡ್ರಿ. ಒಳಗ ಉಸುಕು ಸಿಕ್ಕಿಧಂಗ ಖರ್ ಅಂದ್ರ, ಅತ್ತಿತ್ತ ಅಲುಗಿದ್ರ, ಬದಲಿ ಮಾಡಸ್ರಿ. ಟೆನ್ಷನರ್ ತೋಳು ಎಳದು ಬಿಟ್ರ ಜೋರಿಲೆ ತಿರುಗಿ ಬರಬೇಕು, ನಡುವ ತಡೀಬಾರದು. ಎಂಜಿನ್ ಚಾಲೂ ಇದ್ದಾಗ ಅದು ಹೆಚ್ಚುಕಡಿಮಿ ನಿಂತಲ್ಲೇ ನಿಂತಿರಬೇಕು. ಗಡಗಡ ನಡಗ್ತಿದ್ರ ಸೋತದ ಅಂತ ಅರ್ಥ. ಇಷ್ಟು ನೋಡ್ಲಿಕ್ಕೆ ಇಂಜಿನಿಯರಿಂಗ್ ಓದಬೇಕಾಗಿಲ್ಲ. ನಾ ಓದಿದ್ದು ಪಿ.ಯು.ಸಿ. ತನಕಾ.

ಮತ್ತ ಗಾಡಿ ಲಕ್ಷ ಕಿಲೋಮೀಟರ್ ಹತ್ತಿರ ಬಂದು, ಪಟ್ಟಾ ಟೆನ್ಷನರ್ ಪುಲಿ ಎಲ್ಲಾ ಕೂಡೇ ಬಂದಾವು ಇದ್ರ, ಕೂಡೇ ಬದಲಿಸೋದ ಲೆಕ್ಕಕ್ಕ ಸರಿ. ಅಷ್ಟೂ ಸುತ್ತು ತಿರುಗೇ ವಯಸ್ಸಾಗ್ಯಾವ. ಬಿಚ್ಚೋ ಮಜೂರಿ ಒಂದ ಸಲ ಕೊಡ್ತೀರಿ. ಪಟ್ಟಾ ಇಳಿಸಿದ ಮ್ಯಾಲೆ ಐಡ್ಲರ್ ಪುಲಿ ಭಾಳ ಗಾಡ್ಯಾಗ ಒಂದು ಬೋಲ್ಟಿನ ಕೆಲಸ.

ನಾಲ್ಕನೇದ್ದು, "ಇದು ಹೆಂಗಸರ ಕೆಲಸ ಅಲ್ಲ" ಅನ್ನೋದು. ನಾವ ಅಂತೀವಿ, ಗಂಡಸರಿಗಿಂತ ಹೆಚ್ಚು ನಾವ. ಮಿಕ್ಸರ್ ಸಪ್ಪಳ ಒಂದು ಚೂರು ಬದಲಾದ್ರ ಪಡಸಾಲಿಯಿಂದ ಓಡಿ ಬರೋರು ನಾವು. ಕುಕ್ಕರ್ ಸೀಟಿಯ ರಾಗದ ಮ್ಯಾಲೆ ಗ್ಯಾಸ್ಕೆಟ್ ಹೋಗೇದ ಅನ್ನೋರು ನಾವು. ಇಂಥಾ ಕಿವಿ ಇಟಗೊಂಡು ಗಾಡ್ಯಾಗ ಕೂತ ಕೂಡಲೇ ಕಿವುಡರಾಗೋದ್ಯಾಕ? ಆ ಖರ್ ಖರ್ ಸಪ್ಪಳ ಮದಲ ಕೇಳಿದಾಕಿ ನಾನ. ಬಾಯಿ ಬಿಟ್ಟಿದ್ರ ಅತ್ತಿ ಆ ಕಲ್ಲಿನ ಮ್ಯಾಲೆ ಕೂಡ್ತಿರಲಿಲ್ಲ.

ನೀವ ಪಾನಾ ಹಿಡೀರಿ ಅಂತ ನಾ ಹೇಳೂದಿಲ್ಲ. ಸರಿಯಾದ ಕೆಲಸ ಹೆಂಗಿರ್ತದ ಅಂತ ತಿಳಕೊಂಡಿದ್ರ ಸಾಕು. ಎಂಜಿನ್ ಬಂದ್ ಮಾಡಿ, ತಣ್ಣಗಾದ ಮ್ಯಾಲೆ ಶುರು ಮಾಡಬೇಕು. ಬಿಚ್ಚೋಕಿಂತ ಮದಲ ಪಟ್ಟಾ ಹೋಗಿರೋ ದಾರಿ ಫೋಟೋ ತಗೀಬೇಕು. ಕೆಲವು ಗಾಡ್ಯಾಗ ಬಾನೆಟ್ ಕೆಳಗ ಚಿತ್ರಾನ ಅಂಟಿಸಿರ್ತಾರ. ಟೆನ್ಷನರ್ ತೋಳು ಉದ್ದ ಪಾನಾದಲೆ ಎಳದು ಹಿಡದು ಪಟ್ಟಾ ಜಾರಿಸಿ ತಗೀತಾರ. ಆಮ್ಯಾಲೆ ಗಾಲಿ ತಿರುವಿ ನೋಡೋದು. ಹಳೇ ಪಟ್ಟಾ ಹೊಸಾ ಪಟ್ಟಾ ಎರಡರ ನಂಬರ್ ಹೊಂದಿಸಿ ನೋಡಬೇಕು. 6ಪಿಕೆ1200 ಅಂತ ಬರದಿದ್ರ ಗೆರಿ ಆರು, ಉದ್ದ 1200 ಮಿಲಿಮೀಟರ್ ಅಂತ. ಪಿಕೆ ಅನ್ನೋದು ಗೆರಿಯ ನಮೂನಿ. ಹಾಕೋವಾಗ ಗೆರಿ ಎಲ್ಲಾ ಗಾಲಿಯ ಗೆರಿಯೊಳಗ ಕೂಡಬೇಕು. ಒಂದ ಗೆರಿ ಹೊರಗ ಉಳದ್ರೂ ಪಟ್ಟಾ ಅಂಚು ಹರಕೋತ ಹೋಗ್ತದ. ಟೆನ್ಷನರ್ ಫಟ್ ಅಂತ ಬಿಡಬಾರದು, ಸಾವಕಾಶ ಬಿಡಬೇಕು. ಚಾಲೂ ಮಾಡಿ ಒಂದೆರಡು ನಿಮಿಷ ನಿಂತು ನೋಡಬೇಕು.

ನೋಡ್ಲಿಕ್ಕೆ ಹೋದ್ರ ಒಂದು ಎಚ್ಚರ. ಎಂಜಿನ್ ಚಾಲೂ ಇದ್ದಾಗ ಸೆರಗು, ಜಡಿ, ಓಢಣಿ, ಮಂಗಳಸೂತ್ರ ಯಾವುದೂ ಆ ಕಡೆ ಬಾಗಬಾರದು. ದೂರ ನಿಂತು ಕಿವಿಲೆ ಕೇಳ್ರಿ, ಕೈ ಒಯ್ಯಬ್ಯಾಡ್ರಿ. ಬಂದ್ ಮಾಡಿದ ಮ್ಯಾಲೂ ಕರೆಂಟ್ ಫ್ಯಾನ್ ಒಮ್ಮಿಂದೊಮ್ಮೆ ತಿರಗಬಹುದು.

ಇನ್ನೊಂದು ಮಾತು. ಇದರ ಜೋಡಿ ಟೈಮಿಂಗ್ ಬೆಲ್ಟ್ ಕಲಸಬ್ಯಾಡ್ರಿ. ಅದು ಎಂಜಿನ್ ಒಳಗ, ಮುಚ್ಚಳದ ಹಿಂದ ಇರ್ತದ, ಎಲ್ಲಾ ಗಾಡ್ಯಾಗ ಇರೂದೂ ಇಲ್ಲ. ಭಾಳ ಎಂಜಿನ್ನಿನ್ಯಾಗ ಅದು ಹರದ್ರ ವಾಲ್ವ್ ಬಾಗಿ ಎಂಜಿನ್ನ ಹೋಗ್ತದ. ಅದಕ್ಕ ಗಾಡಿ ಪುಸ್ತಕದಾಗ ಇಂತಿಷ್ಟು ಕಿಲೋಮೀಟರ್ ಅಂತ ಬರದಿರ್ತದ, ಅದನ್ನ ಮೀರಬ್ಯಾಡ್ರಿ. "ಬೆಲ್ಟ್ ಬದಲಿಸಿವಿ" ಅಂತ ಅಂದ್ರ ಯಾವ ಬೆಲ್ಟ್ ಅಂತ ಕೇಳ್ರಿ.

ರಸ್ತಾದಾಗ ಹರದ ಬಿಟ್ರ? ಬ್ಯಾಟರಿ ದೀಪ ಹತ್ತಿ, ಅದರ ಜೋಡಿ ಸ್ಟಿಯರಿಂಗ್ ಬಿರುಸಾದ್ರ, ಇಲ್ಲಾ ಕಾವಿನ ಮುಳ್ಳು ಏರಿದ್ರ, ಅದು ಬ್ಯಾಟರಿ ಸಂಗತಿ ಅಲ್ಲ. ಸುರಕ್ಷಿತ ಜಾಗಾ ನೋಡಿ ನಿಲ್ಲಸಿ ಎಂಜಿನ್ ಬಂದ್ ಮಾಡಸ್ರಿ. ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ಯಾರಿಗೂ ತಗೀಲಿಕ್ಕೆ ಕೊಡಬ್ಯಾಡ್ರಿ, ಕುದಿಯೋ ನೀರು ಮಾರಿಗೆ ಹಾರ್ತದ. "ಇನ್ನೊಂದು ಮೂರು ಕಿಲೋಮೀಟರ್" ಅನ್ನೋ ಮಾತಿಗೆ ನಾ ಹೂಂ ಅಂದಂಗ ನೀವು ಅನ್ನಬ್ಯಾಡ್ರಿ. ನಮ್ಮ 31 ಸಾವಿರದಾಗ ಹೆಚ್ಚಿನ ಪಾಲು ಆ ಮೂರು ಕಿಲೋಮೀಟರಿಂದು.

ಉಳಿತಾಯ ಬಿಡ್ರಿ ಅಂತ ನಾ ಎಲ್ಲೂ ಅಂದಿಲ್ಲ. ನಮ್ಮ ಮನಿ ನಡದದ್ದ ಉಳಿತಾಯದ ಮ್ಯಾಲೆ. ಆದ್ರ ತರಕಾರಿಯವನ ಜೋಡಿ ಚೌಕಾಶಿ ಮಾಡೋವಾಗ ಬದನಿಕಾಯಿ ಹುಳಕ ಅದನೋ ಇಲ್ಲೋ ತಿರುವಿ ನೋಡ್ತೀವಲ್ಲ? ಗಾಲಿನೂ ತಿರುವಿ ನೋಡ್ರಿ. ನೋಡಿ ಬ್ಯಾಡ ಅನ್ರಿ, ಅದು ಉಳಿತಾಯ. ನೋಡದ ಬ್ಯಾಡ ಅಂದ್ರ ಅದು ಬರೇ ಹಟ.

ಆ ಜಾಮ್ ಆದ ಪುಲಿ ನಾ ಗ್ಯಾರೇಜಿನಿಂದ ಕೇಳಿ ಮನಿಗೆ ತಂದೀನಿ. ಅಡಗಿಮನಿ ಕಟ್ಟಿ ಮ್ಯಾಲೆ, ಹಿಸೇಬಿನ ವಹಿಯ ಬಾಜೂಕ ಇಟ್ಟೀನಿ. ಯಾವುದರ ಖರ್ಚಿಗೆ ಬ್ಯಾಡ ಅನ್ನಲಿಕ್ಕೆ ಬಾಯಿ ತಗದ್ರೂ ಮದಲ ಅದು ಕಣ್ಣಿಗೆ ಬೀಳ್ತದ. ಮನಿಗೆ ಬಂದಾಗ ನೀವೂ ಒಮ್ಮೆ ತಿರುವಿ ನೋಡ್ರಿ.